ರಾಯಚೂರಿನಿಂದ ಜುಬಾಕ್ಕೆ: ಹನ್ನೊಂದು ತಿಂಗಳ ಕಾಗದಪತ್ರದ ದಾರಿ

ನಿನ್ನೆ ಮಧ್ಯಾಹ್ನ ಟಿಕೆಟ್ ಬಂತು. ಬೆಂಗಳೂರಿನಿಂದ ಅಡಿಸ್ ಅಬಾಬಾ, ಅಲ್ಲಿ ವಿಮಾನ ಬದಲಿಸಿ ದಕ್ಷಿಣ ಸುಡಾನಿನ ರಾಜಧಾನಿ ಜುಬಾ. ಅರ್ಜಿ ಹಾಕಿದ್ದು 2024ರ ಅಕ್ಟೋಬರ್‌ನಲ್ಲಿ. ಈಗ 2025ರ ಸೆಪ್ಟೆಂಬರ್ ನಡೆದಿದೆ. ಈ ನಡುವೆ ಮೂರು ಸಲ ನಾನು ಇದು ಆಗುವ ಮಾತಲ್ಲ ಎಂದು ಕೈಬಿಟ್ಟಿದ್ದೆ. ಶುರುವಿನಲ್ಲಿ ಯಾರಾದರೂ ಕನ್ನಡದಲ್ಲಿ ಈ ದಾರಿಯನ್ನು ಬಿಡಿಸಿ ಹೇಳಿದ್ದರೆ ಅರ್ಧ ಅಲೆದಾಟ ತಪ್ಪುತ್ತಿತ್ತು. ಹೇಳುವವರು ಸಿಗಲಿಲ್ಲ. ಅದಕ್ಕೇ ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಾನು ಹದಿನಾಲ್ಕು ವರ್ಷ ರಾಯಚೂರು ಜಿಲ್ಲೆಯ ಮಾನ್ವಿ, ಸಿರವಾರ, ದೇವದುರ್ಗದ ಕಡೆ ಗ್ರಾಮ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಕೆಲಸ ಮಾಡಿದವಳು. ಬಜೆಟ್ ಓದುವುದು, ತೆರಿಗೆ ಬೇಡಿಕೆಯ ಪಟ್ಟಿ ಬರೆಯುವುದು, ವಾರ್ಡ್ ಸಭೆ ನಡೆಸುವುದು, ಗೊತ್ತುವಳಿ ಪುಸ್ತಕದಲ್ಲಿ ನಡೆದದ್ದನ್ನು ನಡೆದಂತೆ ಬರೆಯುವುದು. ಇಂಥ ಕೆಲಸಕ್ಕೆ ಹೊರದೇಶದಲ್ಲಿ ಬೇಡಿಕೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ಹಳೆಯ ಸಹೋದ್ಯೋಗಿಯೊಬ್ಬರು ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮದ ಒಂದು ಪ್ರಕಟಣೆಯನ್ನು ಮೊಬೈಲ್‌ಗೆ ಕಳುಹಿಸಿದರು. ದಕ್ಷಿಣ ಸುಡಾನಿನಲ್ಲಿ ಸ್ಥಳೀಯ ಆಡಳಿತಕ್ಕೆ ನೆರವಾಗುವ ಹುದ್ದೆ. ಕೆಲಸದ ವಿವರ ಓದಿದಾಗ ಅದು ನಾನು ದಿನವೂ ಮಾಡುತ್ತಿದ್ದ ಕೆಲಸವೇ ಆಗಿತ್ತು.

‘ಸ್ವಯಂಸೇವಕ’ ಎಂಬ ಪದ ಕೇಳಿ ಬಹಳ ಜನ ಬಿಟ್ಟಿ ಕೆಲಸ ಎಂದುಕೊಳ್ಳುತ್ತಾರೆ. ನನ್ನ ಅವ್ವನೂ ಹಾಗೆಯೇ ತಿಳಿದಿದ್ದಳು. ಈ ಕಾರ್ಯಕ್ರಮವನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 1970ರಲ್ಲಿ ಸ್ಥಾಪಿಸಿತು, ಅದರ ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. ಸಂಬಳ ಎಂದು ಕೊಡುವುದಿಲ್ಲ, ಆದರೆ ಅಲ್ಲಿ ಬದುಕಲು ಬೇಕಾದ ತಿಂಗಳ ಭತ್ಯೆ, ವಿಮೆ, ಹೋಗಿ ಬರುವ ಪ್ರಯಾಣದ ವ್ಯವಸ್ಥೆ ಇರುತ್ತದೆ. ಪರಿಣತರ (ಸ್ಪೆಷಲಿಸ್ಟ್) ವಿಭಾಗಕ್ಕೆ ಕನಿಷ್ಠ 27 ವರ್ಷ ವಯಸ್ಸು ಮತ್ತು 3 ವರ್ಷದ ಅನುಭವ ಬೇಕು. ನನಗೆ 41. ದಕ್ಷಿಣ ಸುಡಾನಿಗೆ ಕುಟುಂಬವನ್ನು ಕರೆದೊಯ್ಯಲು ಅವಕಾಶವಿಲ್ಲ. ಇದನ್ನು ಮೊದಲೇ ಮನೆಯಲ್ಲಿ ಹೇಳಿ, ಎಲ್ಲರೂ ಒಪ್ಪಿದ ಮೇಲೆ ಅರ್ಜಿಗೆ ಕೈಹಾಕಿ. ಆಯ್ಕೆಯಾದ ಮೇಲೆ ಮನೆಯಲ್ಲಿ ಮಾತು ತೆಗೆದರೆ ಎರಡೂ ಕಡೆ ನೋವು.

ಅರ್ಜಿಯನ್ನು ಅವರ ಜಾಲತಾಣದಲ್ಲೇ ತುಂಬಬೇಕು. ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು ಎಂಬಲ್ಲಿಂದ ನನ್ನ ಕಷ್ಟ ಶುರುವಾಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್, ಪದವಿ ಪ್ರಮಾಣಪತ್ರದಲ್ಲಿ ಒಂದೇ, ಆಧಾರ್‌ನಲ್ಲಿ ಗಂಡನ ಹೆಸರು, ಹಳೆಯ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು. ನಾಲ್ಕು ದಾಖಲೆಗಳಲ್ಲಿ ನಾಲ್ಕು ಹೆಸರಾಗಿದ್ದೆ. ಸಾಲದ್ದಕ್ಕೆ ಆ ಪಾಸ್‌ಪೋರ್ಟಿನ ಅವಧಿಯೂ ಮುಗಿದಿತ್ತು. ರಾಯಚೂರಿನ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಮರುವಿತರಣೆಯ ಅರ್ಜಿ ಹಾಕಿದೆ. ಶುಲ್ಕ 1,500 ರೂಪಾಯಿ. ಹೆಸರುಗಳೆಲ್ಲ ಒಬ್ಬಳವೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿದೆ. ಆ ಒಂದು ಕಾಗದ ಮುಂದೆ ಐದು ಕಡೆ ಕೆಲಸಕ್ಕೆ ಬಂತು. ನಾಲ್ಕೈದು ಮೂಲ ಪ್ರತಿ ಮಾಡಿಸಿಟ್ಟುಕೊಳ್ಳಿ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ನನ್ನ ಹಳೆಯ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ವಲಸೆ ತಪಾಸಣೆ ಅಗತ್ಯ ಎಂಬ ಅರ್ಥದ ಇಂಗ್ಲಿಷ್ ಮುದ್ರೆ ಇತ್ತು, ಇ.ಸಿ.ಆರ್. ಎನ್ನುತ್ತಾರೆ. ಹತ್ತು ವರ್ಷದ ಹಿಂದೆ ಪಾಸ್‌ಪೋರ್ಟ್ ಮಾಡಿಸುವಾಗ ನಾನು ಅಂಕಪಟ್ಟಿ ಲಗತ್ತಿಸಿರಲಿಲ್ಲ, ಆದ್ದರಿಂದ ಹಾಗೆ ಬಂದಿತ್ತು. ಈ ಮುದ್ರೆ ಇದ್ದವರು ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಬೇರೆ ಅನುಮತಿ ಪಡೆಯಬೇಕು. ಕೊಲ್ಲಿ ರಾಷ್ಟ್ರಗಳ ಜೊತೆಗೆ ದಕ್ಷಿಣ ಸುಡಾನ್ ಕೂಡ ಆ ಪಟ್ಟಿಯಲ್ಲಿದೆ. ಹತ್ತನೆಯ ತರಗತಿ ಪಾಸಾದವರಿಗೆ ಈ ತಪಾಸಣೆ ಬೇಕಿಲ್ಲ, ಆದರೆ ನೀವು ಅಂಕಪಟ್ಟಿ ತೋರಿಸಿದರೆ ಮಾತ್ರ ಮುದ್ರೆ ಹೋಗುತ್ತದೆ. ಮರುವಿತರಣೆಯ ಅರ್ಜಿಯಲ್ಲೇ ಅದನ್ನು ತೆಗೆಸುವ ಕಾಲಂ ಇದೆ. ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ಕೊನೆಯ ಪುಟ ತೆರೆದು ನೋಡಿ. ನಮ್ಮ ಭಾಗದ ಎಷ್ಟೋ ಹುಡುಗರ ಪಾಸ್‌ಪೋರ್ಟಿನಲ್ಲಿ ಈ ಮುದ್ರೆ ಇದೆ, ಅವರಿಗೇ ಗೊತ್ತಿಲ್ಲ.

ಅನುಭವ ಪತ್ರದ್ದು ಇನ್ನೊಂದು ಕಥೆ. ನಾನು ಮೊದಲ ಆರು ವರ್ಷ ದುಡಿದ ಸಂಸ್ಥೆ ಕೋವಿಡ್ ಕಾಲದಲ್ಲಿ ಮುಚ್ಚಿಹೋಯಿತು. ಕಚೇರಿ ಇದ್ದ ಕಟ್ಟಡದಲ್ಲಿ ಈಗ ಗೊಬ್ಬರದ ಅಂಗಡಿ ಇದೆ. ಹಳೆಯ ಮುಖ್ಯಸ್ಥರನ್ನು ಲಿಂಗಸುಗೂರಿನಲ್ಲಿ ಹುಡುಕಿಕೊಂಡು ಹೋದೆ. ಅವರು ಅಟ್ಟದ ಮೇಲಿನ ಟ್ರಂಕಿನಿಂದ ಸಂಸ್ಥೆಯ ನೋಂದಣಿ ಪತ್ರ, ನನ್ನ ನೇಮಕಾತಿ ಆದೇಶದ ಕಾರ್ಬನ್ ಪ್ರತಿ, ಒಣಗಿದ ಶಾಯಿಯ ಮುದ್ರೆ ಎಲ್ಲವನ್ನೂ ತೆಗೆದು ಹಾಸಿಗೆಯ ಮೇಲೆ ಹರಡಿದರು. ‘ನೀವು ಬರೆದ ತರಬೇತಿ ವರದಿಗಳನ್ನು ಎಸೆದಿಲ್ಲಮ್ಮ’ ಎಂದು ಒಂದು ಕಟ್ಟು ಕೈಗಿಟ್ಟಾಗ ನನ್ನ ಕಣ್ಣು ತುಂಬಿ ಬಂದವು. ನಾನು ಕೆಲಸ ಮಾಡಿದ್ದಕ್ಕೆ ಆ ಟ್ರಂಕಿನ ಹೊರಗೆ ಎಲ್ಲಿಯೂ ಸಾಕ್ಷಿ ಉಳಿದಿರಲಿಲ್ಲ. ಕೆಲಸ ಬಿಡುವ ದಿನವೇ ಅನುಭವ ಪತ್ರ ಪಡೆದುಕೊಳ್ಳಿ, ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ನಿಮ್ಮ ಬಗ್ಗೆ ಹೇಳಲು ಹೆಸರಿಸುವ ಇಬ್ಬರಿಗೂ ಮೊದಲೇ ಫೋನ್ ಮಾಡಿ, ಮಿಂಚಂಚೆಯಲ್ಲಿ ಬರುವ ಪ್ರಶ್ನಾವಳಿಯನ್ನು ಸ್ಪ್ಯಾಮ್ ಕಡತದಲ್ಲೂ ಹುಡುಕಲು ಹೇಳಿ. ನನ್ನ ಒಬ್ಬರಿಗೆ ಬಂದದ್ದು ಅಲ್ಲಿ ಎರಡು ವಾರ ಕುಳಿತಿತ್ತು.

ಡಿಸೆಂಬರ್‌ನಲ್ಲಿ ಸಂದರ್ಶನದ ಕರೆ ಬಂತು. ಅಷ್ಟರೊಳಗೆ ಆ ದೇಶದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 2011ರ ಜನವರಿಯ ಜನಮತಗಣನೆಯಲ್ಲಿ ಶೇ 98.83 ಜನ ಸುಡಾನಿನಿಂದ ಬೇರೆಯಾಗಲು ಮತ ಹಾಕಿದರು, ಜುಲೈ 9ರಂದು ಹೊಸ ದೇಶ ಹುಟ್ಟಿತು. ಎರಡೂವರೆ ವರ್ಷ ತುಂಬುವುದರೊಳಗೆ, 2013ರ ಡಿಸೆಂಬರ್‌ನಲ್ಲಿ, ಅಧ್ಯಕ್ಷ ಸಲ್ವಾ ಕೀರ್ ಮತ್ತು ಮಾಜಿ ಉಪಾಧ್ಯಕ್ಷ ರಿಯಕ್ ಮಚಾರ್ ಅವರ ಬಣಗಳ ನಡುವೆ ಅಂತರ್ಯುದ್ಧ ಎದ್ದಿತು. 2018ರ ಸೆಪ್ಟೆಂಬರ್‌ನಲ್ಲಿ ಹೊಸ ಶಾಂತಿ ಒಪ್ಪಂದ, 2020ರ ಫೆಬ್ರುವರಿಯಲ್ಲಿ ಇಬ್ಬರೂ ಸೇರಿದ ಐಕ್ಯ ಸರ್ಕಾರ. ಚುನಾವಣೆ ಮಾತ್ರ ಮುಂದಕ್ಕೆ ಹೋಗುತ್ತಲೇ ಇದೆ, ಈಗ ನಿಗದಿಯಾಗಿರುವುದು 2026ರ ಡಿಸೆಂಬರ್‌ಗೆ. ಪೂರ್ವ ತಿಮೋರ್‌ನಲ್ಲಿ 1999ರಿಂದ 2002ರವರೆಗೆ ವಿಶ್ವಸಂಸ್ಥೆ ತಾನೇ ಆಡಳಿತ ನಡೆಸಿತ್ತು. ಇಲ್ಲಿ ಹಾಗಲ್ಲ. ಸರ್ಕಾರ ಅವರದ್ದು, ಹೊರಗಿನವರು ಪಕ್ಕದಲ್ಲಿ ಕುಳಿತು ಕೈಹಿಡಿಯುವವರು ಮಾತ್ರ. ಈ ವ್ಯತ್ಯಾಸವನ್ನು ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ.

ಓದುವಾಗ ಮನಸ್ಸಿಗೆ ಹಿಡಿಸಿದ್ದು ಅಲ್ಲಿನ ಆಡಳಿತದ ಮೆಟ್ಟಿಲುಗಳು. ರಾಜ್ಯದ ಕೆಳಗೆ ಕೌಂಟಿ, ಅದರ ಕೆಳಗೆ ಪಾಯಮ್, ಎಲ್ಲಕ್ಕಿಂತ ಕೆಳಗೆ ಬೋಮಾ. ತಾಲ್ಲೂಕು, ಹೋಬಳಿ, ಗ್ರಾಮ ಎಂದುಕೊಂಡರೆ ನಮಗೆ ಥಟ್ಟನೆ ಅರ್ಥವಾಗುತ್ತದೆ. ಭಾರತದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು 1953ರಲ್ಲಿ ಸುಡಾನಿನ ಮೊದಲ ಚುನಾವಣೆಯನ್ನು ನಡೆಸಿಕೊಡಲು ಹೋಗಿದ್ದರು ಎಂಬುದೂ ಆಗಲೇ ತಿಳಿಯಿತು. ಇಂದಿನ ದಕ್ಷಿಣ ಸುಡಾನ್ ಆಗ ಅದರದೇ ಭಾಗ. ನಮ್ಮವರು ಎಪ್ಪತ್ತು ವರ್ಷಗಳ ಹಿಂದೆಯೇ ಆ ದಾರಿ ತುಳಿದಿದ್ದಾರೆ ಎಂದು ಎದೆಗೆ ಧೈರ್ಯ ಬಂತು.

ಸಂದರ್ಶನದ ದಿನ ಕರೆಂಟ್ ಹೋಗುತ್ತದೆಂದು ಹೆದರಿ ಪರಿಚಯದವರ ಆಫೀಸಿನಲ್ಲಿ, ಇನ್ವರ್ಟರ್ ಇರುವ ಕೋಣೆಯಲ್ಲಿ ಕುಳಿತೆ. ಪರದೆಯ ಮೇಲೆ ಮೂವರು. ‘ನೀವು ಏನು ಮಾಡುತ್ತೀರಿ’ ಎಂದು ಅವರು ಕೇಳುವುದಿಲ್ಲ, ‘ಹಿಂದೆ ಏನು ಮಾಡಿದ್ದೀರಿ, ಒಂದು ಸಂದರ್ಭ ಹೇಳಿ’ ಎನ್ನುತ್ತಾರೆ. ಇದಕ್ಕೆ ಐದಾರು ನಿಜ ಘಟನೆಗಳನ್ನು ಮೊದಲೇ ಇಂಗ್ಲಿಷಿನಲ್ಲಿ ಹೇಳಿ ರೂಢಿಸಿಕೊಳ್ಳಿ. ಪರಸ್ಪರ ನಂಬದ ಎರಡು ಗುಂಪುಗಳ ನಡುವೆ ಕೆಲಸ ಮಾಡಿದ್ದೀರಾ ಎಂದರು. ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಒಂದು ಊರಿನ ಕಥೆ ಹೇಳಿದೆ. ಮೇಲಿನವರು ಪಂಪ್‌ಸೆಟ್ ಇಟ್ಟು ನೀರು ಎತ್ತುತ್ತಾರೆ ಎಂದು ಕೆಳಗಿನವರು, ಗೇಟ್ ತೆರೆದೇ ಇಲ್ಲ ಎಂದು ಮೇಲಿನವರು. ಎರಡು ಸಭೆ ಹೊಡೆದಾಟದ ಹಂತಕ್ಕೆ ಹೋದವು. ಮೂರನೆಯ ಸಲ ನಾವು ಸಭೆಯನ್ನೇ ಕರೆಯಲಿಲ್ಲ. ಎರಡೂ ಊರಿನಿಂದ ಒಬ್ಬೊಬ್ಬರು ಬೆಳಗ್ಗೆ ಆರಕ್ಕೆ ಕಾಲುವೆಯ ಗೇಜ್ ಕಲ್ಲಿನ ಹತ್ತಿರ ಬರಬೇಕು, ನೀರಿನ ಮಟ್ಟವನ್ನು ಇಬ್ಬರೂ ನೋಡಿ ಒಂದೇ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು ಎಂದಷ್ಟೇ ಒಪ್ಪಿಸಿದೆವು. ಸಹಿ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ನಲವತ್ತು ದಿನದ ಆ ಪುಸ್ತಕವನ್ನು ಹಿಡಿದುಕೊಂಡು ಎರಡೂ ಊರಿನವರು ಒಟ್ಟಿಗೆ ನೀರಾವರಿ ಕಚೇರಿಗೆ ಹೋದರು. ಇದನ್ನು ಹೇಳಿ ಮುಗಿಸಿದಾಗ ಪರದೆಯಲ್ಲಿದ್ದ ಹಿರಿಯ ಮಹಿಳೆ ‘ಆ ಪುಸ್ತಕ ಯಾರ ಬಳಿ ಇತ್ತು’ ಎಂದು ಕೇಳಿದರು. ಒಂದು ವಾರ ಇವರಲ್ಲಿ, ಒಂದು ವಾರ ಅವರಲ್ಲಿ ಎಂದೆ. ಅವರು ಅದನ್ನು ಬರೆದುಕೊಂಡದ್ದು ನನಗೆ ಕಂಡಿತು.

ಇನ್ನೊಂದು ಪ್ರಶ್ನೆ ರಾಜ್ಯಗಳ ಬಗ್ಗೆ. ಅಲ್ಲಿ ಮೊದಲು ಹತ್ತು ರಾಜ್ಯಗಳಿದ್ದವು. 2015ರಲ್ಲಿ 28 ಮಾಡಿದರು, 2017ರಲ್ಲಿ 32, ಮತ್ತೆ 2020ರಲ್ಲಿ ಹತ್ತಕ್ಕೇ ಇಳಿಸಿ ಮೂರು ಆಡಳಿತ ಪ್ರದೇಶಗಳನ್ನು ಸೇರಿಸಿದರು. ಇದರಿಂದ ಕೆಳಹಂತದ ಕಚೇರಿಗೆ ಏನಾಗುತ್ತದೆ? 1997ರಲ್ಲಿ ನಮ್ಮ ರಾಯಚೂರಿನಿಂದ ಕೊಪ್ಪಳ ಬೇರೆ ಜಿಲ್ಲೆಯಾದದ್ದು, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದದ್ದು ನೆನಪಾಯಿತು. ಒಂದೇ ಸಲ, ಶಾಂತಿಯಲ್ಲಿ, ಒಂದು ಜಿಲ್ಲೆ ಎರಡಾದರೇ ಕಡತಗಳನ್ನು ಹಂಚಿಕೊಳ್ಳಲು, ಸಿಬ್ಬಂದಿ ಯಾರಿಗೆ ಸೇರಬೇಕೆಂದು ತೀರ್ಮಾನಿಸಲು ಕಾಲ ಬೇಕು. ಯುದ್ಧದ ನಡುವೆ ಐದು ವರ್ಷದಲ್ಲಿ ಮೂರು ಸಲ ಗಡಿ ಬದಲಾದರೆ ಒಬ್ಬ ಗುಮಾಸ್ತನಿಗೆ ತಾನು ಯಾವ ಕಚೇರಿಯವನು ಎಂಬುದೇ ತಿಳಿಯದು ಎಂದೆ. ಜನವರಿ ಕೊನೆಯ ವಾರ ಆಯ್ಕೆಯ ಪತ್ರ ಬಂತು.

ಅದರ ಬೆನ್ನಿಗೇ ಒಂದು ಮೋಸದ ಕರೆಯೂ ಬಂತು. ಯಾರಿಗೋ ನನ್ನ ಆಯ್ಕೆಯ ಸುದ್ದಿ ತಲುಪಿತ್ತು. ವೀಸಾ ಮತ್ತು ‘ಭದ್ರತಾ ಠೇವಣಿ’ಗೆ 48,000 ರೂಪಾಯಿ ಕಟ್ಟಬೇಕು ಎಂದು ಲಾಂಛನವಿರುವ ಪತ್ರವನ್ನೂ ಕಳುಹಿಸಿದರು. ಮನೆಯವರು ಬ್ಯಾಂಕಿಗೆ ಹೊರಟೇಬಿಟ್ಟಿದ್ದರು. ವಿಶ್ವಸಂಸ್ಥೆ ನೇಮಕಾತಿಯ ಯಾವ ಹಂತದಲ್ಲೂ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಅರ್ಜಿಗಿಲ್ಲ, ಸಂದರ್ಶನಕ್ಕಿಲ್ಲ, ತರಬೇತಿಗಿಲ್ಲ. ಕೇಳಿದವರು ಯಾರೇ ಆಗಲಿ ಮೋಸಗಾರರು. ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ವೈದ್ಯಕೀಯ ತಪಾಸಣೆಯ ರಕ್ತ, ಎಕ್ಸ್‌ರೇ, ಇಸಿಜಿ ಎಲ್ಲ ರಾಯಚೂರಿನಲ್ಲೇ ಆದವು. ಹಳದಿ ಜ್ವರದ ಲಸಿಕೆಗೆ ಬೆಂಗಳೂರಿಗೆ ಹೋಗಬೇಕಾಯಿತು. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಅದನ್ನು ಹಾಕುತ್ತಾರೆ. ಲಸಿಕೆಯ ಸೀಸೆ ತೆರೆದರೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಆದ್ದರಿಂದ ನಿಗದಿತ ದಿನ, ನಿಗದಿತ ಸಂಖ್ಯೆ. ನಾನು ಕೇಳದೆ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋದೆ, ಆ ದಿನದ ಸರದಿ ತುಂಬಿತ್ತು, ಬರಿಗೈಯಲ್ಲಿ ವಾಪಸಾದೆ. ಎರಡನೆಯ ಸಲ ಮೊದಲೇ ಹೆಸರು ನೋಂದಾಯಿಸಿ ಹೋದೆ. ಲಸಿಕೆಯ ಪ್ರಮಾಣಪತ್ರವಾಗಿ ಕೊಡುವ ಹಳದಿ ಕಾರ್ಡಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಬರೆಯುತ್ತಾರೆ, ಹಾಗಾಗಿ ಹೊಸ ಪಾಸ್‌ಪೋರ್ಟ್ ಬಂದ ಮೇಲೆಯೇ ಲಸಿಕೆ ಹಾಕಿಸಿ. ಕಾರ್ಡ್ ಜಾರಿಗೆ ಬರುವುದು ಲಸಿಕೆ ಪಡೆದ 10 ದಿನಗಳ ನಂತರ, ಬಳಿಕ ಜೀವನಪೂರ್ತಿ ನಡೆಯುತ್ತದೆ. ಕಾರ್ಡ್ ಇಲ್ಲದೆ ಹಳದಿ ಜ್ವರವಿರುವ ದೇಶಗಳಿಂದ ಮರಳಿದರೆ ಭಾರತದಲ್ಲಿ ನಿಮ್ಮನ್ನು ಆರು ದಿನ ಪ್ರತ್ಯೇಕವಾಗಿ ಇಡಬಹುದು. ಮೊಟ್ಟೆ ತಿಂದರೆ ಮೈಗೆ ಆಗದವರು ವೈದ್ಯರಿಗೆ ಮೊದಲೇ ಹೇಳಬೇಕು.

ಪೊಲೀಸ್ ದೃಢೀಕರಣಕ್ಕೂ ಪಾಸ್‌ಪೋರ್ಟ್ ಜಾಲತಾಣದಲ್ಲೇ ಅರ್ಜಿ, 500 ರೂಪಾಯಿ. ಭದ್ರತೆಯ ಬಗ್ಗೆ ಬಿ-ಸೇಫ್ ಎಂಬ ಆನ್‌ಲೈನ್ ತರಬೇತಿಯನ್ನು ಮುಗಿಸಿ ಪ್ರಮಾಣಪತ್ರ ಇಳಿಸಿಕೊಳ್ಳಬೇಕು. ಇವೆರಡೂ ಸಲೀಸಾಗಿ ಆದವು.

ಎಲ್ಲ ಸಿದ್ಧವಾಯಿತು ಎನ್ನುವಾಗ ಮಾರ್ಚ್ ಬಂತು. ಮೊದಲ ವಾರ ಮೇಲ್ ನೈಲ್ ರಾಜ್ಯದ ನಾಸಿರ್‌ನಲ್ಲಿ ಸಶಸ್ತ್ರ ಗುಂಪೊಂದು ಸೇನಾ ನೆಲೆಯನ್ನು ವಶಪಡಿಸಿಕೊಂಡಿತು. ಮಾರ್ಚ್ 7ರಂದು ಅಲ್ಲಿಂದ ಸೈನಿಕರನ್ನು ಕರೆತರಲು ಹೋದ ವಿಶ್ವಸಂಸ್ಥೆಯ ಹೆಲಿಕಾಪ್ಟರ್ ಮೇಲೆ ಗುಂಡು ಹಾರಿತು, ಸಿಬ್ಬಂದಿಯಲ್ಲಿ ಒಬ್ಬರು ಸತ್ತರು. ತಿಂಗಳ ಕೊನೆಗೆ ಪ್ರಥಮ ಉಪಾಧ್ಯಕ್ಷ ಮಚಾರ್ ಗೃಹಬಂಧನಕ್ಕೊಳಗಾದರು. ನನ್ನ ಪ್ರಯಾಣವನ್ನು ಮುಂದಿನ ಸೂಚನೆಯವರೆಗೆ ತಡೆಹಿಡಿದಿದ್ದೇವೆ ಎಂಬ ಪತ್ರ ಬಂತು. ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ.

ಆದರೆ ನಾನು ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಏಪ್ರಿಲ್, ಮೇ, ಜೂನ್. ರಾಯಚೂರಿನ ಬಿಸಿಲು, ಕೈಯಲ್ಲಿ ಸಂಬಳವಿಲ್ಲ, ಬೀದಿಯಲ್ಲಿ ಕಂಡವರೆಲ್ಲ ‘ಇನ್ನೂ ಹೋಗಿಲ್ಲವೇ’ ಎನ್ನುವುದು. ಮನೆಯಿಂದ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಪ್ರಯಾಣದ ದಿನಾಂಕ ಬರವಣಿಗೆಯಲ್ಲಿ ಬರುವವರೆಗೆ ಕೆಲಸ ಬಿಡಬೇಡಿ. ಇದು ನಾನು ಮಾಡಿದ ದೊಡ್ಡ ತಪ್ಪು. ಮೂರು ತಿಂಗಳ ಮನೆಖರ್ಚು ಬೇರೆಯಾಗಿ ಇಟ್ಟುಕೊಂಡೇ ಈ ದಾರಿಗೆ ಇಳಿಯಬೇಕು.

ಅವ್ವ ಹೆಲಿಕಾಪ್ಟರಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿಸಿಕೊಂಡಿದ್ದಳು. ‘ಅವರ ಜಗಳದಲ್ಲಿ ನಿನಗೇನು ಕೆಲಸ’ ಎಂದಳು. ಅಪಾಯವಿಲ್ಲ ಎಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. 2013ರಲ್ಲಿ ಜೊಂಗ್ಲೆ ಪ್ರದೇಶದಲ್ಲಿ ನಮ್ಮ ಐವರು ಯೋಧರು ಶಾಂತಿಪಾಲನೆಯಲ್ಲಿ ಪ್ರಾಣ ಕೊಟ್ಟದ್ದನ್ನೂ ಹೇಳಿದೆ. ಆಗ ಮಾತಾಡಿದ್ದು ನಮ್ಮ ಮಾವನವರು. ಅವರಿಗೆ 87. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮನ ಆಳ್ವಿಕೆ ಮುಗಿದಾಗ ಹತ್ತು ವರ್ಷದ ಹುಡುಗ.

‘ರಜಾಕಾರರ ಹಾವಳಿ ಐದು ದಿನದಲ್ಲಿ ನಿಂತಿತು. ಕಚೇರಿ ಸರಿಹೋಗಲು ವರ್ಷಗಳೇ ಹಿಡಿದವು’ ಎಂದರು. ಮದ್ರಾಸು, ಮುಂಬಯಿ, ಮಧ್ಯಪ್ರಾಂತ್ಯದ ಕಡೆಯಿಂದ ಅಧಿಕಾರಿಗಳು ಬಂದರು. ದಾಖಲೆಗಳೆಲ್ಲ ಉರ್ದುವಿನಲ್ಲಿ. ಊರಿಗೆ ಬಂದ ಹೊಸ ಸಾಹೇಬನಿಗೆ ಉರ್ದುವೂ ಬಾರದು, ಕನ್ನಡವೂ ಬಾರದು. ಪಟವಾರಿ ಓದಿ ಹೇಳಿದ್ದೇ ಪಹಣಿ, ಮಾಲಿ ಪಟೇಲ ತಲೆಯಾಡಿಸಿದ್ದೇ ಹಕ್ಕು. ಮಾವನವರ ತಂದೆಯ ಎರಡು ಎಕರೆ ಎರೆಭೂಮಿ ಆ ಓದಿನಲ್ಲಿ ಬೇರೆಯವರ ಹೆಸರಿಗೆ ಹೋಯಿತು. ಆಮೇಲೆ ಬಂದ ಇನ್ನೊಬ್ಬ ಅಧಿಕಾರಿ ಮರದ ಕೆಳಗೆ ಕುಳಿತು, ಪ್ರತಿ ಹೊಲದ ಹೆಸರನ್ನೂ ಊರಿನವರ ಬಾಯಿಂದಲೇ ಕೇಳಿ ಬರೆಸಿಕೊಂಡನಂತೆ. ಭೂಮಿ ಮರಳಿ ಬಂತು. ಹೊರಗಿನವರು ಎಲ್ಲ ಹುದ್ದೆ ಹಿಡಿದರು ಎಂದು 1952ರಲ್ಲಿ ಹೈದರಾಬಾದಿನಲ್ಲಿ ಮುಲ್ಕಿ ಚಳವಳಿಯೇ ಎದ್ದಿತು, ಅದನ್ನೂ ಅವರು ನೆನೆದರು. ಕೊನೆಗೆ ನನ್ನತ್ತ ತಿರುಗಿ, ‘ಹೋಗುವುದಾದರೆ ಎರಡನೆಯವನ ಹಾಗೆ ಹೋಗವ್ವ’ ಎಂದರು. ನನಗೆ ಸಿಕ್ಕ ತರಬೇತಿಗಳಲ್ಲೆಲ್ಲ ಇದೇ ದೊಡ್ಡದು. ಹೊರಗಿನವರು ಬಂದು ಸರ್ಕಾರ ಕಟ್ಟಿಕೊಡುವುದು ಹೇಗಿರುತ್ತದೆ ಎಂಬುದನ್ನು ನಮ್ಮ ಭಾಗದ ಹಿರಿಯರು ಮೈಮೇಲೆ ಅನುಭವಿಸಿ ಬಲ್ಲರು. ಅವರನ್ನು ಕೇಳಿಕೊಂಡು ಹೋಗಿ.

ಜುಲೈ ಕೊನೆಗೆ ಮತ್ತೆ ಪತ್ರ ಬಂತು: ಜುಬಾದಲ್ಲೇ ಇದ್ದು ಕೆಲಸ ಶುರುಮಾಡಬಹುದು, ಹೊರಗಿನ ಕೌಂಟಿಗಳಿಗೆ ಭದ್ರತಾ ಅನುಮತಿ ಸಿಕ್ಕಾಗ ಮಾತ್ರ ಪ್ರಯಾಣ. ಫೆಬ್ರುವರಿಯ ರಕ್ತಪರೀಕ್ಷೆ ಹಳೆಯದಾಗಿತ್ತು, ಮತ್ತೆ ಮಾಡಿಸಿದೆ. ದೇಶದೊಳಗೆ ಪ್ರವೇಶದ ಅನುಮತಿಯನ್ನು ನನ್ನನ್ನು ಕರೆಸಿಕೊಳ್ಳುವ ಕಚೇರಿಯೇ ಮಾಡಿಸಿತು. ಎಲ್ಲ ಸೇರಿ ನನ್ನ ಕೈಯಿಂದ 25,000 ರೂಪಾಯಿಗಿಂತ ಸ್ವಲ್ಪ ಹೆಚ್ಚು ಖರ್ಚಾಗಿದೆ, ಅದರಲ್ಲಿ ಅರ್ಧ ಬೆಂಗಳೂರಿನ ಓಡಾಟ ಮತ್ತು ಎರಡು ಸಲದ ತಪಾಸಣೆಯದ್ದು. ರಸೀದಿಗಳನ್ನು ಒಂದೂ ಬಿಡದೆ ಇಟ್ಟುಕೊಳ್ಳಿ.

ಕೊನೆಯ ನಮೂನೆ ವಿಮೆಯದ್ದು. ನನಗೆ ಏನಾದರೂ ಆದರೆ ಹಣ ಯಾರಿಗೆ ಸೇರಬೇಕು ಎಂದು ತುಂಬಬೇಕು. ರಾತ್ರಿ ಊಟವಾದ ಮೇಲೆ ಮನೆಯವರ ಪಕ್ಕ ಕುಳಿತು ತುಂಬಿದೆ. ಅವರ ಹೆಸರು, ಮಗನ ಹೆಸರು, ಶೇಕಡ ಎಷ್ಟೆಷ್ಟು. ಪಿಯುಸಿ ಓದುವ ಮಗ ಪುಸ್ತಕದಿಂದ ತಲೆ ಎತ್ತಲಿಲ್ಲ, ಆದರೆ ಪುಟವನ್ನೂ ತಿರುಗಿಸಲಿಲ್ಲ. ಈ ನಮೂನೆಯನ್ನು ಅವಸರದಲ್ಲಿ, ಒಬ್ಬರೇ ಕುಳಿತು ತುಂಬಬೇಡಿ.

ಇಂದು ಸೆಪ್ಟೆಂಬರ್ 17, ಕಲ್ಯಾಣ ಕರ್ನಾಟಕ ಉತ್ಸವದ ದಿನ. ಮಾವನವರು ಬೆಳಗ್ಗೆಯೇ ಧ್ವಜಾರೋಹಣಕ್ಕೆ ಹೋಗಿ ಬಂದರು. ಅವ್ವ ಅಡುಗೆಮನೆಯಲ್ಲಿ ಕಟಕ್ ರೊಟ್ಟಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತುತ್ತಿದ್ದಾಳೆ, ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಪುಡಿ. ಅಲ್ಲಿಯ ಜನರದ್ದೂ ಜೋಳದ ಊಟವೇ, ಹುದುಗು ಬರಿಸಿ ತೆಳ್ಳಗೆ ಕಿಸ್ರಾ ಎಂಬ ರೊಟ್ಟಿ ಮಾಡುತ್ತಾರೆ ಎಂದು ಮೊನ್ನೆ ಓದಿ ಹೇಳಿದ್ದೆ. ಅಂದಿನಿಂದ ಅವಳು ಆ ದೇಶದ ಬಗ್ಗೆ ಬೇರೆ ಪ್ರಶ್ನೆಗಳನ್ನು ಕೇಳತೊಡಗಿದ್ದಾಳೆ. ಬಿಳಿ ಜೋಳವೋ ಕೆಂಪು ಜೋಳವೋ, ಬಿತ್ತನೆ ಯಾವ ತಿಂಗಳು, ಮಳೆ ಆಗಿದೆಯೋ ಇಲ್ಲವೋ. ಹೋದ ಮೇಲೆ ಕೇಳಿ ಬರೆಯುತ್ತೇನೆ ಎಂದಿದ್ದೇನೆ.